ಎರಡನೆಯ ಒಲೆ

"ಹಾಲು ಉಕ್ಕಿಸ್ದೆ ಒಲೆ ಹಚ್ಚಕ್ಕಾಗಲ್ಲ ಕಣವ್ವ," ಅಂದರು ವನಜಮ್ಮ. ಮೊಣಕೈವರೆಗೆ ಮೆತ್ತಿದ್ದ ಕೆಸರು ಸೀರೆಗೆ ತಾಕದಂತೆ ಎರಡೂ ಕೈಗಳನ್ನು ಎತ್ತಿ ಹಿಡಿದುಕೊಂಡಿದ್ದರು.

"ಅತ್ತೆ, ಇದು ತೋರಿಸೋಕೆ ಮಾತ್ರ. ಗುರುವಾರ ಅವರು ಬಂದು ನೋಡಿ ಹೋದ್ಮೇಲೆ ಒಡೆದು ಹಾಕೋದೇ ಅಲ್ವಾ?"

"ತೋರ್ಸಕ್ಕೋ ಉಣ್ಣಕ್ಕೋ, ಒಲೆಗೇನು ಗೊತ್ತಾಯ್ತದೆ?"

ಮೂರು ಇಟ್ಟಿಗೆಗಳ ಮೇಲೆ ಅತ್ತೆ ಮಣ್ಣು ಮೆತ್ತಿ ನುಣುಪಾಗಿ ಸವರುತ್ತಿದ್ದುದನ್ನು ನೋಡುತ್ತ ಅನುಶ್ರೀ ಬಾಗಿಲಿಗೊರಗಿ ನಿಂತಳು. ಅದು ಹಿತ್ತಲ ಕೋಣೆ. ಎರಡು ವರ್ಷದ ಹಿಂದಿನವರೆಗೂ ಬಿತ್ತನೆ ಶುಂಠಿ ಹರಡಿಡುತ್ತಿದ್ದ ಜಾಗ. ಗೋಡೆಯ ಹತ್ತಿರ ಮೂಗು ತಂದರೆ ಈಗಲೂ ಅದರ ಘಾಟು. ಕೋಣೆಗೂ ದೊಡ್ಡ ಮನೆಗೂ ನಡುವೆ ಇದ್ದದ್ದು ಒಂದು ಅಂಗಳ. ಅಂಗಳದಲ್ಲಿ ನೀಲಿ ಟಾರ್ಪಾಲು ಹೊದ್ದುಕೊಂಡು ಅವಳ ಗಂಡ ಚಂದ್ರುವಿನ ಗೂಡ್ಸ್ ಆಟೋ ನಿಂತಿತ್ತು.

ಎರಡನೆಯ ಒಲೆ ಅನುಶ್ರೀಯದೇ ಯೋಚನೆ. ಅಂಗನವಾಡಿ ಟೀಚರ್ ತುಳಸಿ ಬಂದು ಒಂದು ಟ್ರಸ್ಟಿನ ವಿಷಯ ಹೇಳಿದ್ದಳು. ಶುಂಠಿ ಬೆಲೆ ಬಿದ್ದು ಕೆಲಸ ಕಳೆದುಕೊಂಡ ಊರುಗಳಲ್ಲಿ, ಗಂಡನಿಲ್ಲದೆ ಒಂಟಿಯಾಗಿ ಸಂಸಾರ ನಡೆಸುವ ಹೆಂಗಸರಿಗೆ ಕಸುಬು ಹೂಡಲು ನೆರವು ಕೊಡುತ್ತಾರಂತೆ. ಮನೆಯಲ್ಲಿ ಗಂಡಸು ಯಜಮಾನನಿದ್ದರೆ ಇಲ್ಲವಂತೆ. "ನಿಮ್ಮಲ್ಲಿ ಮಾವ ಇದ್ದಾರಲ್ಲ," ಎಂದು ತುಳಸಿಯೇ ಕೈ ಆಡಿಸಿ ಎದ್ದಿದ್ದಳು. ಅನುಶ್ರೀಗೆ ಆಗ ಓದಿದ ಒಂದು ಸಾಲು ನೆನಪಾಯಿತು: ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಕುಟುಂಬ. ಎಂ.ಎ. ಓದುವಾಗ ಪ್ರಶ್ನಾವಳಿ ಹಿಡಿದು ತನ್ನೂರು ಕರಿಕೆಯ ಅರವತ್ತೆರಡು ಮನೆಗಳ ಮುಂದೆ ನಿಂತು ಅವಳೇ ಕೇಳಿದ್ದಳು, ಒಲೆ ಎಷ್ಟು ಎಂದು. ಬರುವವರೂ ಅದನ್ನೇ ಕೇಳುತ್ತಾರೆ.

ಓದು ಕೊನೆಗೆ ಇದಕ್ಕೆ ಒದಗಿತಲ್ಲ ಎಂದು ನಗು ಬರಬೇಕಿತ್ತು. ಬರಲಿಲ್ಲ. ಎಂಟು ತಿಂಗಳಿಂದ ಬರಬೇಕಾದ್ದು ಯಾವುದೂ ಬಂದಿರಲಿಲ್ಲ. ಕಳೆದ ಸಾಲಿನಲ್ಲಿ ಕಿತ್ತ ಕೂಲಿಯೂ ಹುಟ್ಟುವುದಿಲ್ಲವೆಂದು ಜನ ಶುಂಠಿಯನ್ನು ಹೊಲದಲ್ಲೇ ಬಿಟ್ಟಿದ್ದರು. ಚಂದ್ರುವಿನ ಆಟೋಗೆ ವಾರಕ್ಕೊಂದು ಬಾಡಿಗೆಯೂ ಸಿಗುತ್ತಿರಲಿಲ್ಲ. ಸಿಕ್ಕ ಒಂದು ದಿನ, ಫೆಬ್ರವರಿಯ ಮಧ್ಯಾಹ್ನ, ಹಮಾಲಿ ಖರ್ಚು ಉಳಿಯಲಿ ಎಂದು ತಾನೇ ಮೂಟೆಗೆ ಬೆನ್ನು ಕೊಟ್ಟವನು ಮೊಣಕಾಲೂರಿ ಕೂತ. ಏಳಲಿಲ್ಲ. ಗಾಡಿಯ ಮೇಲಿನ ಫೈನಾನ್ಸ್ ಸಾಲ ಮಾತ್ರ ಎದ್ದೇ ಇತ್ತು. ಟ್ರಸ್ಟಿನ ದುಡ್ಡು ಬಂದರೆ ಬಾಕಿ ಕಟ್ಟುವುದು, ಪಕ್ಕದ ಮನೆಯ ಲೋಕೇಶನನ್ನು ಡ್ರೈವರ್ ಮಾಡಿ ಗಾಡಿ ಓಡಿಸುವುದು. ಮೂವರೂ ಕೂತು ಹಾಗೆಂದು ಮಾತಾಡಿಕೊಂಡಿದ್ದರು.

ಮಣ್ಣು ಒಣಗಿದ ಮೇಲೆ ವನಜಮ್ಮ ಸಾರಿಸಿ, ಎರಡು ಎಳೆ ರಂಗೋಲಿ ಬಿಟ್ಟು, ಹಾಲಿನ ಪಾತ್ರೆಯನ್ನು ಸೊಸೆಯ ಕೈಗಿತ್ತರು.

"ನೀವೇ ಇಡಿ ಅತ್ತೆ. ನಾನು ಇಡಬಾರದು ಅಂತಾರೆ."

"ಯಾರು ಅನ್ನೋರು? ಅನ್ನೋಳು ನಾನು. ನಾನಿಲ್ಲೇ ಇದೀನಲ್ಲ."

ಸೌದೆ ಹಸಿ. ಹೊಗೆ ಕೋಣೆ ತುಂಬಿತು. ಹಾಲು ಅಲುಗಲೂ ಇಲ್ಲ. ಅನುಶ್ರೀಗೆ ಎದ್ದು ಹೋಗಬೇಕೆನಿಸಿತು. ಎಲ್ಲಿಗೆ ಎಂದು ಗೊತ್ತಿರಲಿಲ್ಲ. ಈಚೆಗೆ ಹಾಗೇ, ಕೂತಲ್ಲಿ ಕೂರಲಾಗದು, ಎದ್ದರೆ ಹೋಗಲು ಜಾಗವಿರದು. ಮಾವ ಕೃಷ್ಣಪ್ಪ ಬಾಗಿಲಲ್ಲಿ ತಲೆ ಹಾಕಿದರು.

"ಗೃಹಪ್ರವೇಶಕ್ಕೆ ಊಟ ಏನವ್ವ? ಪಾಯಸ ಉಂಟೋ ಇಲ್ವೋ?"

"ಕರೀದೆ ಬಂದೋರ್ಗೆ ಪಾಯಸ ಬೇರೆ ಕೇಡು," ಅಂದರು ವನಜಮ್ಮ.

ಅಷ್ಟರಲ್ಲಿ ಹಾಲು ಉಬ್ಬಿ, ಅಂಚು ಮೀರಿ, ಚುಂಯ್ ಎಂದು ಕೆಂಡದ ಮೇಲೆ ಇಳಿಯಿತು.

"ಯಾವ ಕಡೆಗೆ ಉಕ್ತು?" ಕೃಷ್ಣಪ್ಪ ಕೇಳಿದರು.

ವನಜಮ್ಮ ನೋಡಿದ್ದರು. ಸೆರಗಿನಿಂದ ಒಲೆಯ ಬಾಯಿ ಒರೆಸುತ್ತ, "ಉಕ್ಕೋ ಕಡೆಗೆ ಉಕ್ತು. ಹೋಗಿ ಹಸಕ್ಕೆ ನೀರು ಇಡಿ," ಅಂದರು. ಹಾಲಿನ ಒಂದು ಹನಿ ಅನುಶ್ರೀಯ ಮಣಿಕಟ್ಟಿಗೆ ಸಿಡಿದಿತ್ತು. ಅಲ್ಲಿ ಬೊಬ್ಬೆ ಎದ್ದದ್ದು ಅವಳಿಗೆ ಗೊತ್ತಾದದ್ದು ಸಂಜೆ, ಪಾತ್ರೆ ತೊಳೆಯುವಾಗ.

ಗುರುವಾರ ಟ್ರಸ್ಟಿನಿಂದ ಬಂದವಳು ಶೋಭಿತಾ ಎಂಬ ಹುಡುಗಿ. ಅಮ್ಮತ್ತಿಯವಳು. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಟ್ಯಾಬ್ ಮೇಲೆ ಬೆರಳಾಡಿಸುತ್ತ ಒಂದೊಂದೇ ಪ್ರಶ್ನೆ ಕೇಳಿದಳು. ಅನುಶ್ರೀ ಯಾವ ಪ್ರಶ್ನೆಗೆ ಎಷ್ಟು ಉತ್ತರ ಸಾಕೋ ಅಷ್ಟೇ ಕೊಟ್ಟಳು. ಯಾವ ಕಸುಬು ಎಂದಾಗ ಒಂದು ಕ್ಷಣ ತಡವರಿಸಿ, "ಜೆರಾಕ್ಸ್. ಹೈಸ್ಕೂಲ್ ಹತ್ತಿರ ಒಂದೂ ಇಲ್ಲ," ಅಂದಳು.

"ಒಲೆ ಬೇರೆಯಾ ಅಕ್ಕ?"

"ಬೇರೆ."

"ಎಷ್ಟು ಸಮಯ ಆಯ್ತು?"

"ಐದು ತಿಂಗಳು."

ಶೋಭಿತಾ ಬಗ್ಗಿ, ಒಲೆಯ ಹಿಂದಿನ ಗೋಡೆಗೆ ಬೆರಳು ಎಳೆದು ನೋಡಿಕೊಂಡಳು. "ಐದು ತಿಂಗಳಾದ್ರೂ ಎಂತ ಅಕ್ಕ, ಮಸಿಯೇ ಇಲ್ಲ?"

ಅನುಶ್ರೀ ಗೋಡೆಯ ಕಡೆ ನೋಡಿದಳು. ಅರವತ್ತೆರಡು ಮನೆಗಳಲ್ಲಿ ಅವಳು ಒಂದು ಗೋಡೆಯನ್ನೂ ಮುಟ್ಟಿ ನೋಡಿರಲಿಲ್ಲ.

"ಬೇಯ್ಸಿದ್ರೆ ತಾನೆ ಮಸಿ?"

ಅಂಗಳದಿಂದ ಬಂತು ಮಾತು. ವನಜಮ್ಮ ಮೊರದಲ್ಲಿ ರಾಗಿ ಕೇರುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಒಂದು ದಿನ ಬೇಯ್ಸಿದ್ರೆ ಮೂರು ದಿನ ಮುಸುಕಾಕ್ಕಂಡು ಮಲಗಿರ್ತಾಳೆ. ಅವಳ ಒಲೇಲಿ ಮಸಿ ಎಲ್ಲಿಂದ ಬರಬೇಕು? ನಮ್ಮ ಒಲೆ ತಾವ ಅಂತೂ ನಾನೇ ಬಿಟ್ಕಳಲ್ಲ. ಕಟ್ಕಂಡು ಮೂರು ವರ್ಸ ಆಗ್ಲಿಲ್ಲ, ನನ್ನ ಮಗನ್ನ ತಿಂದ್ಕಂಡ್ಲು. ಅವನೇ ಇಲ್ದ ಮೇಲೆ ಇವಳು ಯಾವ ಮನೆಯೋಳು? ನಮಗೂ ಇವಳಿಗೂ ಏನೂ ಇಲ್ಲ, ಬರ್ಕ."

ಮೊರದ ಲಯ ಒಂದು ಸಲವೂ ತಪ್ಪಲಿಲ್ಲ. ಹೊಟ್ಟು ಹಾರಿ ಅಂಗಳದಲ್ಲಿ ಬೀಳುತ್ತಿತ್ತು. ಅನುಶ್ರೀ ಆ ದನಿಯಲ್ಲಿ ಒಂದು ಬಿರುಕು ಹುಡುಕಿದಳು, ಇದು ಆಟ ಎಂದು ತೋರಿಸುವ ಒಂದು ಎಳೆ. ಸಿಗಲಿಲ್ಲ.

ಶೋಭಿತಾ ಟ್ಯಾಬಿನಲ್ಲಿ ಅದನ್ನೆಲ್ಲ ತುಂಬಿದಳು. ದನಿ ತಗ್ಗಿಸಿ, "ಬೇಜಾರ್ ಮಾಡ್ಬೇಡಿ ಅಕ್ಕ. ಹೋದಲ್ಲೆಲ್ಲ ಇದೇ," ಅಂದಳು. ಒಲೆಯ ಪಕ್ಕ ಅವಳನ್ನು ಕೂರಿಸಿ ಫೋಟೋ ತೆಗೆದಳು. ಹೊರಡುವಾಗ, "ಮತ್ತೆ ಒಂದು ಸಲ ಪರಿಶೀಲನೆಗೆ ಬರ್ತಾರೆ. ಹೇಳಿ ಬರೋದಿಲ್ಲ. ಒಂದು ತಿಂಗಳೊಳಗೆ ಯಾವತ್ತಾದ್ರೂ," ಅಂದಳು.

ಅವಳ ಕೊಡೆ ತಿರುವಿನಲ್ಲಿ ಮರೆಯಾದ ಮೇಲೆ ವನಜಮ್ಮ ಮೊರ ಕೆಳಗಿಟ್ಟರು.

"ಸರಿಯಾಗಿ ಅಂದ್ನಾ?"

"ಸರಿಯಾಗೇ ಅಂದ್ರಿ ಅತ್ತೆ."

ಆ ಸಂಜೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಲೆ ಒಡೆಯುವ ಮಾತು ಯಾರೂ ಎತ್ತಲಿಲ್ಲ; ಪರಿಶೀಲನೆ ಇತ್ತಲ್ಲ. ಈಗ ಮಸಿ ಆಗಬೇಕಿತ್ತು. ಮಸಿ ಆಗಬೇಕಾದರೆ ದಿನವೂ ಬೇಯಿಸಬೇಕಿತ್ತು.

ಮೊದಲ ಕೆಲವು ದಿನ ಅನುಶ್ರೀ ಸುಮ್ಮನೆ ನೀರು ಕಾಯಿಸಿದಳು. ಆಮೇಲೆ ದೊಡ್ಡ ಮನೆಯಿಂದ ಹಿಟ್ಟು ತಂದು ಮುದ್ದೆ ಕಟ್ಟಿದಳು. ಅದು ಯಾವತ್ತಿನಂತೆ ಗಂಟುಗಂಟಾಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ. ಅಗಿಯುತ್ತಾಳೆಂದು ಚಂದ್ರು ನಕ್ಕೂ ನಕ್ಕೂ ತಟ್ಟೆ ದೂರ ತಳ್ಳಿದ್ದ. ಅವಳ ಹಾಸ್ಟೆಲ್ಲಿಗೆ ತರಕಾರಿ ತಂದು ಇಳಿಸುತ್ತಿದ್ದವನು ಅವನು. ಮೂಟೆ ಇಳಿಸಿ ರಸೀದಿಗೆ ಸಹಿ ಬೇಕೆಂದು ದಿನವೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದ. ಮೆಸ್ ಕಾರ್ಯದರ್ಶಿ ಅವಳಲ್ಲ ಎಂದು ಅವನಿಗೆ ಮೊದಲ ದಿನವೇ ಗೊತ್ತಿತ್ತಂತೆ.

ಮಾವನಿಗೆ ಕೋಣೆಯ ಹತ್ತಿರ ಸುಳಿಯಬೇಡಿ ಎಂದು ಕಟ್ಟಪ್ಪಣೆಯಾಗಿತ್ತು. ಗಂಡಸಿನ ಚಪ್ಪಲಿ ಕಂಡರೂ ಕೆಲಸ ಕೆಡುತ್ತದೆ. ಆದರೂ ಒಂದು ಮಧ್ಯಾಹ್ನ ಅವರು ತಟ್ಟೆ ಹಿಡಿದುಕೊಂಡು ಬಂದು ಹೊಸ್ತಿಲಾಚೆ ಕೂತರು.

"ಸಾರು ಘಮ ಅಂತಿತ್ತು. ಒಂದು ಸೌಟು ಹಾಕವ್ವ."

"ಮಾವ, ಅವರು ಬಂದ್ಬಿಟ್ರೆ?"

"ನೆಂಟ ಅನ್ನು. ದೂರದ ನೆಂಟ, ಉಂಡ್ಕಂಡು ಹೋಯ್ತಾನೆ ಅನ್ನು."

ಎಂಟು ತಿಂಗಳಲ್ಲಿ ಮೊದಲ ಸಲ ಅವಳ ತುಟಿ ಸ್ವಲ್ಪ ಅಲುಗಿತು. ಉಂಡು ಎದ್ದವರು ಆಟೋದ ಹತ್ತಿರ ಹೋಗಿ, ಟಾರ್ಪಾಲು ಮೇಲೆತ್ತಿ, ಗಾಜು ಒರೆಸಿದರು. ದಿನವೂ ಒರೆಸುತ್ತಿದ್ದರು. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು.

ಮೂರನೆಯ ವಾರ, ಸಂತೆಯ ಮರುದಿನ ಬೆಳಿಗ್ಗೆ, ಕೋಣೆಯ ಹೊಸ್ತಿಲಲ್ಲಿ ಒಂದು ಕಾಗದದ ಪೊಟ್ಟಣ ಇತ್ತು. ಬಿಚ್ಚಿದರೆ ಕುಚ್ಚಲಕ್ಕಿ. ಕರಿಕೆಯ ಅವಳ ತವರಿನಲ್ಲಿ ಉಣ್ಣುವುದು ಅದನ್ನೇ. ಇಲ್ಲಿ ಈ ಮನೆಯವರು ಅದನ್ನು ಮುಟ್ಟುವುದಿಲ್ಲ. ಅಂಗಳದಲ್ಲಿ ಯಾರೂ ಇರಲಿಲ್ಲ. ಅವಳು ಗಂಜಿಗಿಟ್ಟಳು. ಕುದಿ ಬಂದಾಗ ಎದ್ದ ವಾಸನೆಗೆ ಮುಖ ಒಡ್ಡಿ ಕೂತಳು. ಹಸಿಮೆಣಸು, ತೆಂಗಿನಕಾಯಿ ಅರೆದಳು. ಮೊದಲ ತುತ್ತಿಗೇ ಉಪ್ಪು ಹೆಚ್ಚಾಗಿದೆ ಎಂದು ಗೊತ್ತಾಯಿತು. ಉಪ್ಪು ಗೊತ್ತಾಗಿ ಎಷ್ಟು ದಿನವಾಗಿತ್ತು? ಒಂದು ಬಟ್ಟಲು ಉಂಡಳು. ಮತ್ತೊಂದು ಬಡಿಸಿಕೊಂಡಳು. ಬೆರಳು ನೆಕ್ಕುತ್ತ ತಲೆಯೆತ್ತಿದಾಗ ಸೀಬೆ ಮರದ ಹತ್ತಿರ ವನಜಮ್ಮ ಸಗಣಿ ಮಂಕರಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದರು. ಕಣ್ಣು ಕೂಡಿದ್ದೇ ತಿರುಗಿಕೊಂಡು ಹೋದರು.

ಅನುಶ್ರೀಗೆ ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗಾಯಿತು.

ಆದರೂ ಮರುದಿನ ಬೇಗ ಎದ್ದಳು. ಪುಸ್ತಕದ ಪೆಟ್ಟಿಗೆಯನ್ನು ಕೋಣೆಗೆ ಸಾಗಿಸಿದಳು. ಅಲ್ಲೇ ಒಂದು ಚಾಪೆ, ಬಟ್ಟೆಗೊಂದು ಹಗ್ಗ. ಹೈಸ್ಕೂಲಿನ ಮುಂದೆ ಖಾಲಿ ಬಿದ್ದಿದ್ದ ಅಂಗಡಿಗೆ ಬಾಡಿಗೆ ಎಷ್ಟು ಎಂದು ದಾರಿಯಲ್ಲಿ ಹೋಗುತ್ತ ಸುಮ್ಮನೆ ಎಂಬಂತೆ ಕೇಳಿಯೂ ಬಂದಳು. ತಾಯಿ ಫೋನು ಮಾಡಿದಾಗ ಬಾಯಿಂದ "ನನ್ನ ಒಲೆ" ಎಂಬ ಮಾತು ಬಂದುಬಿಟ್ಟಿತು. ಬಂದದ್ದನ್ನು ಕೇಳಿ ತಾನೇ ಬೆಚ್ಚಿದಳು. ದೊಡ್ಡ ಮನೆಯ ಅಡುಗೆಕೋಣೆಯಿಂದ ವನಜಮ್ಮನ ಸೌಟಿನ ಸದ್ದು ಕೇಳಿದಾಗಲೆಲ್ಲ ಎದ್ದು ಅಲ್ಲಿಗೆ ಹೋಗಬೇಕು ಎನಿಸುತ್ತಿತ್ತು. ಹೋಗಿ ನಿಂತರೆ ಕೈಗೆ ಕೆಲಸ ಸಿಗುತ್ತಿರಲಿಲ್ಲ. ಅಂಗಳವನ್ನು ದಿನಕ್ಕೆ ಇಪ್ಪತ್ತು ಸಲ ದಾಟುತ್ತಿದ್ದಳು.

ಪರಿಶೀಲನೆಗೆ ಯಾರೂ ಬರಲಿಲ್ಲ. ಬಂದವನು ಫೈನಾನ್ಸಿನ ಕೀರ್ತಿಕುಮಾರ್.

ಬೈಕು ಬೇಲಿಯಾಚೆ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದ. ಜೋರು ಮಾಡುವ ಪೈಕಿಯವನಲ್ಲ; ಚಂದ್ರು ತೀರಿಕೊಂಡಾಗ ಮಣ್ಣಿಗೂ ಬಂದಿದ್ದ. ಕೃಷ್ಣಪ್ಪ ಜಗಲಿಯಲ್ಲಿ ಚಾಪೆ ಹಾಕಿದರು. ಅವನು ಕೂರದೆ ಮಾತಾಡಿದ.

"ಯಜಮಾನ್ರೇ, ಕಂಪನಿಯವ್ರು ಒಂದು ಅವಕಾಶ ಕೊಟ್ಟಿದ್ದಾರೆ. ಸಾಲಗಾರರು ತೀರ್ಕೊಂಡ ಮನೆಗಳಿಗೆ. ಸಾಲ ಹೆಂಡತಿ ಹೆಸರಿಗೆ ಆಗ್ತದೆ, ಕಂತು ಅರ್ಧ ಮಾಡಿ ನಾಲ್ಕು ವರ್ಷಕ್ಕೆ ಹಾಕ್ತಾರೆ. ಗಾಡಿ ಇಲ್ಲೇ ಇರ್ತದೆ. ಈ ಫಾರಂಗೆ ಮೇಡಂ ಸಹಿ ಹಾಕಿದ್ರೆ ಆಯ್ತು."

ಕೃಷ್ಣಪ್ಪನ ಮುಖ ಅರಳಿತು. "ಕೊಡಪ್ಪ, ಕೊಡು."

"ಆದ್ರೆ ಒಂದು ತೊಂದರೆ. ಜಾಮೀನು ನೀವು. ಜಾಮೀನುದಾರರೂ ಮೇಡಮ್ಮೂ ಒಂದೇ ಮನೇಲಿರಬೇಕು. ಇಲ್ಲಿ ನೋಡಿದ್ರೆ ಬೇರೆ ಅಂತ ಬಂದಿದೆ."

"ಎಲ್ಲಿ ಬಂದಿದೆ?" ಅನುಶ್ರೀ ಕೇಳಿದಳು.

ಅವನು ಫೋನು ತಿರುಗಿಸಿ ತೋರಿಸಿದ. ಒಲೆಯ ಪಕ್ಕ ಕೂತ ಅವಳದೇ ಫೋಟೋ. ಕೆಳಗೆ ಅಚ್ಚಾದ ಅಕ್ಷರ: ಒಲೆ ಬೇರೆ. ಅತ್ತೆ ಮಾವಂದಿರೊಂದಿಗೆ ಸಂಬಂಧವಿಲ್ಲ.

"ಇದು ಟ್ರಸ್ಟ್‌ದಲ್ವಾ?"

"ಟ್ರಸ್ಟು ನಮ್ಮ ಕಂಪನೀದೇ ಮೇಡಂ. ಬೋರ್ಡು ಬೇರೆ, ಕಂಪ್ಯೂಟರ್ ಒಂದೇ." ಅವನಿಗೇ ಮುಜುಗರವಾದಂತಿತ್ತು. "ನಿಮ್ಮ ನೆರವು ಮಂಜೂರಾಗಿದೆ. ಈಗ ಎರಡರಲ್ಲಿ ಒಂದು. ಒಂದೇ ಮನೆ ಅಂತ ಸಹಿ ಹಾಕಿದ್ರೆ ಗಾಡಿ ಉಳೀತದೆ, ನೆರವು ರದ್ದು. ಬೇರೆ ಅಂದ್ರೆ ನೆರವು ಬರ್ತದೆ, ಗಾಡಿ ಇವತ್ತೇ ನಾನು ಎಳ್ಕೊಂಡು ಹೋಗ್ಬೇಕು."

"ಆ ದುಡ್ಡಲ್ಲೇ ಗಾಡಿ ಬಾಕಿ ಕಟ್ಟದು ಅಂತ ಕಣಪ್ಪ ನಾವು ಇದ್ದಿದ್ದು," ಅಂದರು ಕೃಷ್ಣಪ್ಪ.

"ಟ್ರಸ್ಟ್ ದುಡ್ಡು ಕೈಗೆ ಬರಲ್ಲ ಯಜಮಾನ್ರೇ. ಸೀದಾ ಅಂಗಡಿಗೆ ಹೋಗ್ತದೆ. ಜೆರಾಕ್ಸ್ ಮಿಷನ್ ಅಂತ ಬರ್ಸಿದ್ದಾರೆ, ಮಿಷನ್ನೇ ಮನೆಗೆ ಬರ್ತದೆ."

ಹಿತ್ತಲಲ್ಲಿ ಹಸು ಕಲಗಚ್ಚು ಹೀರುವ ಸದ್ದು ಕೇಳುತ್ತಿತ್ತು. ಕೃಷ್ಣಪ್ಪ ಸೊಸೆಯ ಕಡೆ ನೋಡಲಿಲ್ಲ. ಟಾರ್ಪಾಲಿನ ಕಡೆ ನೋಡುತ್ತ ಕೂತರು. ಆ ನೋಟವೇ ಸಾಕಾಗಿತ್ತು. ಅನುಶ್ರೀ ಪೆನ್ನು ತೆಗೆದುಕೊಂಡಳು. ಫಾರಂ ಹರಡಿಕೊಂಡು ಕೀರ್ತಿಕುಮಾರ್ ಬೆರಳಿಟ್ಟ ಕಡೆ ಪೆನ್ನು ಊರಿದಳು. ನಾಲ್ಕು ವರ್ಷ ಎಂದರೆ ಅವಳಿಗೆ ಮೂವತ್ತೆರಡು.

"ಒಂದೇ ಮನೆ," ಅಂದಳು. "ಅವತ್ತು ಹೇಳಿದ್ದು ಸುಳ್ಳು. ನಾನೇ ಹೇಳಿಸಿದ್ದು."

'ಅನು' ಎಂಬಷ್ಟು ಬರೆದಿದ್ದಳು.

"ಸಹಿ ಹಾಕ್ಬೇಡ."

ವನಜಮ್ಮ ಹಿತ್ತಲಿಂದ ಬಂದು ಜಗಲಿಯ ಕಂಬದ ಹತ್ತಿರ ನಿಂತಿದ್ದರು. ಕೈಯಲ್ಲಿ ಕಲಗಚ್ಚಿನ ಬಕೆಟ್ಟು ಇನ್ನೂ ಹಾಗೇ ಇತ್ತು.

"ಅವತ್ತು ಆ ಹುಡುಗಿ ಬರ್ಕಂಡು ಹೋಗಿಲ್ವ? ಅದೇ ಸರಿ. ಇವಳು ಬೇರೆ."

"ಅತ್ತೆ, ಅವತ್ತು ನೀವು ಅಂದಿದ್ದು..."

"ಅಂದಿದ್ದು ಅಂದಿದ್ದೇ. ಮೊರ ಹಿಡ್ಕಂಡು ಸುಳ್ಳು ಹೇಳೋ ಹೆಂಗಸಲ್ಲ ನಾನು." ಬಕೆಟ್ಟು ಕೆಳಗಿಟ್ಟರು. ಕೀರ್ತಿಕುಮಾರನಿಗೆ ಹೇಳುವಂತೆ ಹೇಳಿದರು: "ಹಾಲು ಉಕ್ಕಿಸಿ ನಾನೇ ಒಲೆ ಹಾಕ್ಕೊಟ್ಟಿದೀನಪ್ಪ. ಹೋಗಿ ಗೋಡೆ ಮುಟ್ಟಿ ನೋಡು, ಮಸಿ ಅದೆಯೋ ಇಲ್ವೋ."

"ವನಜಾ," ಅಂದರು ಕೃಷ್ಣಪ್ಪ. "ಚಂದ್ರು ಗಾಡಿ ಕಣೆ."

ವನಜಮ್ಮ ಹಿತ್ತಲ ಕೋಣೆಯ ಕಡೆ ತಿರುಗಿದರು.

"ಅಲ್ಲಿ ಉಣ್ತಾಳೆ ಅವಳು," ಅಂದರು. "ನಾನು ನೋಡಿದೀನಿ."

ಕೀರ್ತಿಕುಮಾರ್ ಒಬ್ಬೊಬ್ಬರ ಮುಖವನ್ನೂ ನೋಡಿದ. "ಹಾಗಾದ್ರೆ ನಾನು ಏನಂತ ಬರ್ಕೊಳ್ಳಲಿ ಅಮ್ಮ?"

"ಬೇರೆ ಅಂತ ಬರ್ಕ."

ಅನುಶ್ರೀಯ ಕೈಯಿಂದ ಫಾರಂ ತೆಗೆದುಕೊಂಡವರು ವನಜಮ್ಮನೇ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಅರ್ಧ ಬರೆದ ಹೆಸರನ್ನು ನೋಡಿ, ನಾಲ್ಕಾಗಿ ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡರು.

ಗಾಡಿ ಸ್ಟಾರ್ಟ್ ಆಗುವ ಸ್ಥಿತಿಯಲ್ಲಿರಲಿಲ್ಲ. ಹಗ್ಗ ಕಟ್ಟಿ ಎಳೆಯಲು ಒಂದು ಜೀಪು ಬಂತು. ಕೃಷ್ಣಪ್ಪ ಟಾರ್ಪಾಲು ತೆಗೆದು ಮಡಿಸಿದರು. ಡ್ರೈವರ್ ಸೀಟಿನ ಮೇಲೆ ಹಾಸಿದ್ದ ಹಳೆಯ ಟವೆಲ್ಲನ್ನು ಎತ್ತಿಕೊಂಡು, "ಇದು ಗಾಡೀದಲ್ಲ, ಮನೇದು," ಅಂದರು. ಕೀರ್ತಿಕುಮಾರ್ ಬೇಡವೆನ್ನಲಿಲ್ಲ. ಲೋಕೇಶ ಬಂದು ಸ್ಟಿಯರಿಂಗ್ ಹಿಡಿದು ಕೂತ. ಡ್ರೈವರ್ ಆಗಿ ಆ ಗಾಡಿಯಲ್ಲಿ ಅವನು ಹೋದದ್ದು ಅಷ್ಟೇ. ಹಿಂದಿನ ಹಲಗೆಯ ಮೇಲೆ ಚಂದ್ರು ಹಳದಿ ಬಣ್ಣದಲ್ಲಿ ತಾಯಿಯ ಹೆಸರು ಬರೆಸಿದ್ದ. 'ವನಜಾ' ಎಂಬ ಮೂರಕ್ಷರ ಅಲುಗಾಡುತ್ತ ತಿರುವಿನವರೆಗೂ ಕಾಣಿಸಿತು. ವನಜಮ್ಮ ನೋಡಲು ನಿಲ್ಲಲಿಲ್ಲ. ಒಳಗೆ ಹೋಗಿದ್ದರು.

ಸಂಜೆಗೆ ತುಂತುರು ಹಿಡಿಯಿತು. ಅನುಶ್ರೀ ಕೋಣೆಯಲ್ಲಿ ಒಲೆ ಹಚ್ಚಿದಳು, ಎದ್ದಳು, ಬಾಗಿಲಿಗೆ ಬಂದಳು, ಮತ್ತೆ ಹೋಗಿ ಸೌದೆ ಮುಂದಕ್ಕೆ ತಳ್ಳಿದಳು. ದೊಡ್ಡ ಮನೆಯ ಹೆಂಚಿನಿಂದ ಹೊಗೆ ಏಳುತ್ತಿರಲಿಲ್ಲ. ಅಂಗಳದ ನಡುವೆ ಗಾಡಿ ನಿಂತಿದ್ದ ಕಡೆ ಮಣ್ಣು ಚೌಕವಾಗಿ ಬಿಳಿಚಿಕೊಂಡಿತ್ತು. ತಿಂಗಳುಗಟ್ಟಲೆ ಬಿಸಿಲು ಕಾಣದ ಹುಲ್ಲು, ಹಳದಿ ಎಳೆಗಳು, ಒಂದು ಎಣ್ಣೆಯ ಕಲೆ. ಮಳೆ ಅದರ ಮೇಲೂ ಬೀಳತೊಡಗಿತ್ತು.

ವನಜಮ್ಮ ಅಂಗಳ ದಾಟಿ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ, ಪಕ್ಕದ ಮನೆಯವರು ನಿಲ್ಲುವ ಹಾಗೆ ನಿಂತು, ಕೈಯಲ್ಲಿದ್ದ ತೆಂಗಿನ ಚಿಪ್ಪು ಚಾಚಿದರು.

"ನಮ್ಮ ಒಲೆ ಹತ್ಕತಾ ಇಲ್ಲ ಕಣವ್ವ. ಸೌದೆಯೆಲ್ಲ ತಂಡಿ ಆಗೋಗದೆ. ಎರಡು ಕೆಂಡ ಇದ್ರೆ ಕೊಡು."

ಅನುಶ್ರೀ ಇಕ್ಕಳದಲ್ಲಿ ಒಂದೊಂದೇ ಕೆಂಡ ತೆಗೆದಳು. ಎರಡು ಕೇಳಿದ್ದರು, ನಾಲ್ಕು ಹಾಕಿದಳು. ಒಂದು ಕಿಡಿ ಸಿಡಿದು ಅವಳ ಮಣಿಕಟ್ಟಿಗೆ ತಾಕಿತು.

"ಸ್..." ಎಂದು ಕೈ ಎಳೆದುಕೊಂಡಳು.

"ಉರೀತಾ?" ಅಂದರು ವನಜಮ್ಮ.

"ಹೂಂ ಅತ್ತೆ."

ವನಜಮ್ಮ ಚಿಪ್ಪಿನ ಮೇಲೆ ಸೆರಗು ಮರೆ ಮಾಡಿ, ಮಳೆಗೆ ಬೆನ್ನು ಕೊಟ್ಟು ನಡೆದರು. ಬಿಳಿಚಿದ ಚೌಕದ ಅಂಚಿಗೆ ಬಂದಾಗ ಒಂದು ಗಳಿಗೆ ನಿಂತು, ಬಳಸಿ ಹೋಗದೆ, ಅದರ ಮೇಲೇ ಹೆಜ್ಜೆಯಿಟ್ಟು ದಾಟಿದರು. ಸೆರಗಿನೊಳಗಿನ ಕೆಂಪು ಅಡುಗೆಕೋಣೆಯ ಬಾಗಿಲಲ್ಲಿ ಮರೆಯಾಯಿತು. ಅನುಶ್ರೀ ಬಾಗಿಲಲ್ಲೇ ನಿಂತು ಹೆಂಚಿನ ಕಡೆ ನೋಡುತ್ತಿದ್ದಳು, ಹೊಗೆ ಏಳುವವರೆಗೂ.